ಗೆರೆ ಮೇಲೆ 60 ಜನ

ಮೊಬೈಲ್ ಆಟದಲ್ಲಿ ಸೀನ ಕೆಂಪು ಬಸ್ಸನ್ನು 80ರ ವೇಗದಲ್ಲಿ ತಿರುವಿಗೆ ನುಗ್ಗಿಸಿದ. ಹಳಿ ಮೇಲಿನ ರೈಲಿನ ಹಾಗೆ ಬಸ್ಸು ಸಲೀಸಾಗಿ ತಿರುಗಿತು.

"ಹೆಂಗೆ? ಥೇಟ್ ಚಾರ್ಮಾಡಿ!" ಎಂದ.

ಪ್ರಕಾಶಣ್ಣ ಅದೇ ಘಾಟಿಯಲ್ಲಿ ಬಸ್ಸು ಓಡಿಸಿ ನಿವೃತ್ತರಾದವರು. "ಒಳಗೆ ಎಷ್ಟು ಜನ ಇದ್ದಾರಪ್ಪ?"

"60 ಅಣ್ಣ."

"ಒಬ್ಬನೂ ಇನ್ನೊಬ್ಬನ ಮೇಲೆ ಬೀಳಲಿಲ್ವಾ?"

ಮಂಜ ಇಂಥ ಆಟಗಳಿಗೆ ಕೋಡ್ ಬರೆಯುವವನು. ಗುಟ್ಟು ಅವನೇ ಬಿಟ್ಟ. "ಅಲ್ಲಿ ಚಕ್ರವೇ ಇಲ್ಲ ಅಣ್ಣ, ಕಾಣುವುದು ಬರೀ ಚಿತ್ರ. ಚಕ್ರದ ಜಾಗದಿಂದ ಒಂದು ಗೆರೆ ಕೆಳಗೆ ಇಳಿಯುತ್ತದೆ. ನೆಲ ಎಷ್ಟು ದೂರ ಅಂತ ನೋಡಿ ಸ್ಪ್ರಿಂಗಿನ ಲೆಕ್ಕ ಹಾಕುತ್ತದೆ. ರೇಕಾಸ್ಟ್ ಅಂತೀವಿ. ಬಸ್ಸು ಮಗುಚದಿರಲಿ ಅಂತ ಭಾರದ ಕೇಂದ್ರವನ್ನೂ ಕೆಳಗೆ ತಳ್ಳಿರುತ್ತಾರೆ, ಕೆಲವೊಮ್ಮೆ ರಸ್ತೆಗಿಂತ ಕೆಳಗೆ!"

"ಗೆರೆ ಮೇಲೆ 60 ಜನ! ಟೈರು ಸವೆದರೆ ನಾವು ಡಿಪೋದಲ್ಲಿ ಗೋಗರೆಯುತ್ತಿದ್ದೆವು. ಇವರಿಗೆ ಆ ತಾಪತ್ರಯವೂ ಇಲ್ಲ."

ಮಂಜನಿಗೆ ರೋಷ ಬಂತು. ಒಳ್ಳೆಯ ಸಿಮ್ಯುಲೇಟರುಗಳಲ್ಲಿ ಟೈರಿಗೇ ಜಾಸ್ತಿ ಮರ್ಯಾದೆ ಎಂದ. ಹಾಲೆಂಡಿನ ಡೆಲ್ಫ್ಟ್‌ನ ಪ್ರೊಫೆಸರ್ ಹಾನ್ಸ್ ಪಚೇಕಾ ಅವರ, ಟೈರಿನ ಹಿಡಿತ ಲೆಕ್ಕ ಹಾಕುವ 'ಮ್ಯಾಜಿಕ್ ಫಾರ್ಮುಲಾ' ತೆಗೆದ. ಟೈರು ಸ್ವಲ್ಪ ಜಾರಿದರೇ ಹಿಡಿತ ಹುಟ್ಟುವುದು. ಜಾರುವಿಕೆ ಮಿತಿ ದಾಟಿತೋ, ಹಿಡಿತ ಇಳಿಯುತ್ತದೆ. "ಇನ್ನೊಂದು ಕೇಳಿ. ಭಾರ ಎರಡು ಪಟ್ಟಾದರೆ ಹಿಡಿತ ಎರಡು ಪಟ್ಟಾಗಲ್ಲ, ಕಡಿಮೆಯೇ. ತಿರುವಿನಲ್ಲಿ ಭಾರವೆಲ್ಲ ಹೊರಗಿನ ಚಕ್ರಕ್ಕೆ ಹೋದರೆ ಒಟ್ಟು ಹಿಡಿತವೇ ಕುಗ್ಗುತ್ತದೆ."

"ಇದಕ್ಕೆ ಹಾಲೆಂಡಿಗೆ ಯಾಕೆ ಹೋಗಬೇಕಿತ್ತು? ಕೊಟ್ಟಿಗೆಹಾರದಲ್ಲಿ ಕೇಳಿದ್ದರೆ ನಾನೇ ಹೇಳುತ್ತಿದ್ದೆ."

ಮಂಜ ಜರ್ಮನಿಯ ಬೀಮ್‌ಎನ್‌ಜಿ ಡ್ರೈವ್ ಎಂಬ ಕಂಪ್ಯೂಟರ್ ಆಟವನ್ನು ಹೊಗಳಿದ. ಗಾಡಿಯನ್ನು ನೂರಾರು ಬಿಂದು, ಸಾವಿರಾರು ಕೋಲು ಮಾಡಿ, ಸೆಕೆಂಡಿಗೆ 2000 ಸಲ ಲೆಕ್ಕ ಹಾಕುತ್ತದಂತೆ. ಗುದ್ದಿದ ಕಡೆಯೇ ನುಜ್ಜುಗುಜ್ಜು.

"ಗುದ್ದೋಕೆ ಅಷ್ಟು ಲೆಕ್ಕ ಯಾಕೋ?" ಎಂದ ಸೀನ. ಅವನ ಹಳೇ ಕಂಪ್ಯೂಟರಿನಲ್ಲಿ ಅದು ತೆರೆಯುವುದೇ ಇಲ್ಲ, ಆ ಹೊಟ್ಟೆಕಿಚ್ಚು.

ಪ್ರಕಾಶಣ್ಣ ಮೊಬೈಲು ಕಿತ್ತುಕೊಂಡರು. "ಇಳಿಜಾರು ಬಂತು. ಎರಡನೇ ಗೇರು ಎಲ್ಲಿದೆ?"

"ಬ್ರೇಕ್ ಒತ್ತಿ ಸಾಕು, ಇಲ್ಲಿ ಡ್ರಮ್ ಕಾಯಲ್ಲ."

"ಕಾಯಲ್ವಾ? ವೇಗ ಎರಡು ಪಟ್ಟಾದರೆ ಬ್ರೇಕ್ ನುಂಗಬೇಕಾದ ಶಕ್ತಿ ನಾಲ್ಕು ಪಟ್ಟು ಕಣಯ್ಯ. ಅದೆಲ್ಲ ಎಲ್ಲಿಗೆ ಹೋಗುತ್ತೆ, ನಿನ್ನ ಗೆರೆಗಾ?"

20ರಲ್ಲೇ ಇಳಿಸತೊಡಗಿದರು. ಹಿಂದೆ ಲಾರಿಗಳು ಸಾಲುಗಟ್ಟಿದವು.

"ಅಣ್ಣ, ಹಾರ್ನ್ ಹೊಡೀತಿದ್ದಾರೆ!"

"ಹೊಡೀಲಿ ಬಿಡು. ಘಾಟಿ ಅವರಪ್ಪಂದಾ?"