ರೋಮನ್ ಬೆಳ್ಳಿ ನಾಣ್ಯ ತೊಳೆದ ಮೇಲೆ ಕೆಂಪಾಗಿದೆ, ಅರ್ಜೆಂಟ್

ಹಳೇರೊಕ್ಕ: ಡಯಾನಾ ದೇವಿಯ ಬೆಳ್ಳಿ ನಾಣ್ಯ. ಹಸಿರು ಕಿಲುಬು ಹೋಗ್ಲಿ ಅಂತ ನಿಂಬೆರಸದಲ್ಲಿಟ್ಟೆ. ಕಿಲುಬಿನ ಜೊತೆ ಬೆಳ್ಳಿಯೂ ಹೋಯ್ತು! ಮಾರಿದವ ಮೋಸ ಮಾಡಿದ್ನಾ? ಬೆಳ್ಳಿ ವಾಪಸ್ ಬರುತ್ತಾ?

ಅಂಚು_ನೋಡಿ: ಫೂರೇ. ತಾಮ್ರದ ಬಿಲ್ಲೆಗೆ ಬೆಳ್ಳಿ ತಗಡು ಸುತ್ತಿದ, ಆ ಕಾಲದ್ದೇ ಖೋಟಾ. ಅಂಚಲ್ಲಿ ತಗಡಿನ ಬೆಸುಗೆ ಕಾಣುತ್ತೆ. ಫೋಟೋ ಹಾಕಿ.

ತಕ್ಕಡಿ_ಗುರು: ಊಹೆ ಯಾಕೆ? ತೂಕ ನೋಡಿ, ಆಮೇಲೆ ದಾರ ಕಟ್ಟಿ ನೀರಲ್ಲಿ ತೂಗಿ. ಮೊದಲ ತೂಕವನ್ನ ಎರಡರ ವ್ಯತ್ಯಾಸದಿಂದ ಭಾಗಿಸಿ. ಬರೋದು ಸಾಂದ್ರತೆ: ಶುದ್ಧ ಬೆಳ್ಳಿ 10.5, ತಾಮ್ರ 8.96.

ಹಳೇರೊಕ್ಕ: 3.02 ಗ್ರಾಂ, ನೀರಲ್ಲಿ 2.69.

ಅಂಚು_ನೋಡಿ: 9.15. ಹೇಳ್ಲಿಲ್ವಾ, ಫೂರೇ.

ತಕ್ಕಡಿ_ಗುರು: 0.01 ಗ್ರಾಂ ತಕ್ಕಡಿ ಅಲ್ವಾ? ಒಂದಂಕಿ ಆಚೀಚೆಯಾದ್ರೆ 8.9, ಇಲ್ಲಾ 9.4. ನಂದು 0.001ರದ್ದು, ಗಾಜಿನ ಗೂಡಿನ ಸಮೇತ.

ಟಂಕಸಾಲೆ: ತಕ್ಕಡಿ ಆಚೆಗಿಡಿ ಮಾರಾಯ್ರೆ. ಚಕ್ರವರ್ತಿಯ ತಲೆ ಮೇಲೆ ಎಲೆಯ ಹಾರವೋ, ಮುಳ್ಳು ಮುಳ್ಳಾದ ಕಿರಣದ ಕಿರೀಟವೋ?

ಹಳೇರೊಕ್ಕ: ಮುಳ್ಳು. ಗ್ಯಾಲಿಯೇನಸ್, ಹಿಂದೆ ಜಿಂಕೆ. ಅದು ಎಲ್ರಿಗೂ ಗೊತ್ತಿರೋದಲ್ವಾ?

ಟಂಕಸಾಲೆ: ಇದನ್ನ ಮೊದಲೇ ಹೇಳಿದ್ರೆ ಮುಗೀತಿತ್ತು. ಅದು ಎಲೆಯ ಹಾರದ ದಿನಾರಿಯಸ್ ನಾಣ್ಯ ಅಲ್ಲ, ಕಿರಣದ ಕಿರೀಟದ ಆಂಟೋನಿನಿಯಾನಸ್. ಕ್ರಿ.ಶ. 215ರಲ್ಲಿ ಚಕ್ರವರ್ತಿ ಕ್ಯಾರಕಲ್ಲಾ ತಂದಾಗ ಬೆಳ್ಳಿ ಚೆನ್ನಾಗೇ ಇತ್ತು. ಗ್ಯಾಲಿಯೇನಸನ ಕೊನೇ ವರ್ಷಗಳಲ್ಲಿ ಹೆಚ್ಚೂಕಡಿಮೆ ತಾಮ್ರವೇ, ಬೆಳ್ಳಿಯಂತೆ ಕಾಣೋದು ಮೇಲಿನ ತೆಳು ಪೊರೆಯಷ್ಟೇ. ನಿಂಬೆರಸ ಬೆಳ್ಳಿಯನ್ನ ಕರಗಿಸಲ್ಲ. ಪೊರೆಯ ಅಡಿಯ ತಾಮ್ರದ ಕಿಲುಬನ್ನ ಕರಗಿಸುತ್ತೆ, ಆಸರೆ ತಪ್ಪಿ ಪೊರೆ ಎದ್ದು ಬರುತ್ತೆ. ಮೋಸವಲ್ಲ, ಟಂಕಸಾಲೆಯ ಮಾಲೇ ಹಾಗೆ. ಬಹಳ ಹಿಂದಿನ ಚಕ್ರವರ್ತಿ ಟೈಬೀರಿಯಸನ ಕಾಲದ, ಒಳಗೂ ಬೆಳ್ಳಿಯೇ ಇರೋ ದಿನಾರಿಯಸ್ ಆಗಿದ್ರೆ ನಿಂಬೆರಸ ತಡ್ಕೊಳ್ತಿತ್ತು.

ಅಂಚು_ನೋಡಿ: ಬರೀ ಜಿಂಕೆ ಇದ್ರೆ ದೇವಿಯ ನಾಣ್ಯ ಹೇಗಾಗುತ್ತೆ?

ಟಂಕಸಾಲೆ: ಸುತ್ತ ‘ಡಿಯಾನೆ ಕಾನ್ಸ್ ಆಗ್’ ಅಂತಿದೆ, ಚಕ್ರವರ್ತಿಯನ್ನ ಕಾಯುವ ಡಯಾನಾಗೆ ಅಂತ. ಇಲಿ ಕೆತ್ತಿ ಗಣಪತಿಯ ಹೆಸರು ಬರೆದಂಗೆ. ಅದೇ ಸರಣಿಯಲ್ಲಿ ಅಪೊಲೊ ದೇವರಿಗೆ ಸೆಂಟಾರ್ (ಅರ್ಧ ಮನುಷ್ಯ, ಅರ್ಧ ಕುದುರೆ), ದ್ರಾಕ್ಷಾರಸದ ದೇವರು ಲೀಬರ್‌ಗೆ ಚಿರತೆ.

ತಕ್ಕಡಿ_ಗುರು: ಸೀಸ ಬೆರೆತಿದ್ರೆ ನನ್ನ ಲೆಕ್ಕವೂ ಕೆಡುತ್ತೆ, ಅದರ ಸಾಂದ್ರತೆ 11.3.

ಹಳೇರೊಕ್ಕ: ಪರಿಹಾರ ಹೇಳ್ರಪ್ಪ!

ಟಂಕಸಾಲೆ: ಪೊರೆ ವಾಪಸ್ ಬರಲ್ಲ. ಹೊಸ ಬೆಳ್ಳಿ ಲೇಪ ಹಾಕಿಸಿದ್ರೆ ಇರೋ ಬೆಲೆಯೂ ಹೋಗುತ್ತೆ. ಹುಳಿ ಒಳಗುಳಿಯಬಾರದು: ಡಿಸ್ಟಿಲ್ಡ್ ನೀರಲ್ಲಿ ನಾಲ್ಕು ದಿನ ಇಡಿ, ದಿನಾ ನೀರು ಬದಲಿಸಿ. ಆಮೇಲೆ ಐದು ನಿಮಿಷ ಅಸಿಟೋನ್, ಕಿಟಕಿ ತೆಗೆದು, ಒಲೆ ದೀಪ ದೂರವಿಟ್ಟು. ಪೂರ್ತಿ ಒಣಗಿದ ಮೇಲೆ ಸಿಲಿಕಾ ಜೆಲ್ ಜೊತೆ ಡಬ್ಬಿಗೆ. ತಿಳಿಹಸಿರು ಪುಡಿ ಏಳ್ತಿದ್ರೆ ಬೇರೆ ನಾಣ್ಯಗಳಿಂದ ದೂರ ಇಡಿ, ಅದು ಕ್ಲೋರೈಡಿನ ಕಾಟ.

ಹಳೇರೊಕ್ಕ: ಇಂಥವೇ ಇನ್ನೆರಡು ನಿನ್ನೆಯಿಂದ ನಿಂಬೆರಸದಲ್ಲಿವೆ. ತೆಗೀಬೇಕಾ?

ಅಂಚು_ನೋಡಿ: ತೆಗೆದ ತಕ್ಷಣ ಅಂಚಿನ ಫೋಟೋ ಹಾಕಿ.