ಆಗುಂಬೆ ಘಾಟಿಗೆ ಪದ್ಮಿನಿಯೋ, ಅಂಬಾಸಿಡರೋ?

ತುಂಗಾತೀರ:
ತೀರ್ಥಹಳ್ಳಿ ಕಡೆ ಎರಡು ಹಳೇ ಕಾರು ಮಾರಾಟಕ್ಕಿವೆ. ಒಂದು 1980ರ ದಶಕದ ಪ್ರೀಮಿಯರ್ ಪದ್ಮಿನಿ, ಇನ್ನೊಂದು 1489 ಸಿಸಿ ಪೆಟ್ರೋಲ್ ಅಂಬಾಸಿಡರ್. ತಿಂಗಳಿಗೆರಡು ಸಲ ನಾಲ್ಕು ಜನ ಆಗುಂಬೆ ಇಳಿದು ಉಡುಪಿಗೆ ಹೋಗಿಬರಬೇಕು. ಹತ್ತೋಕೆ ಯಾವುದು ವಾಸಿ? ತಿರುವಿನಲ್ಲಿ ಯಾವುದು ಹೇಳಿದ ಮಾತು ಕೇಳುತ್ತೆ?

ಸ್ಪ್ಯಾನರ್17:
ಒಬ್ಬರೇ ಹೋಗೋದಾದ್ರೆ ಎರಡೂ ಹೆಚ್ಚುಕಮ್ಮಿ ಸಮ. ಪದ್ಮಿನಿ 1089 ಸಿಸಿ, ಸುಮಾರು 40 ಎಚ್‌ಪಿ, ತೂಕ 900 ಕೆಜಿ ಆಸುಪಾಸು. ಅಂಬಾಸಿಡರ್ ಸುಮಾರು 50 ಎಚ್‌ಪಿ, ತೂಕ 1100 ಕೆಜಿ ದಾಟುತ್ತೆ. ಆದ್ರೆ ಜನ, ಸಾಮಾನು ಅಂತ 300 ಕೆಜಿ ಹೇರಿದ್ರೆ ಪದ್ಮಿನಿ ಮೇಲೆ ಮೂರನೇ ಒಂದು ಭಾಗದಷ್ಟು ಹೊರೆ ಜಾಸ್ತಿಯಾಯ್ತು. ಅಂಬಾಸಿಡರ್‌ಗೆ ಅಷ್ಟು ತಟ್ಟಲ್ಲ. ಅದರ ಎಂಜಿನ್ ನಿಧಾನಕ್ಕೆ ತಿರುಗುವಾಗಲೂ, ಅಂದ್ರೆ ಕಡಿಮೆ ಆರ್‌ಪಿಎಂನಲ್ಲೇ ಎಳೆಯುತ್ತೆ. ಪದ್ಮಿನಿಯಲ್ಲಿ ತಿರುವಿಗೆ ಮೊದಲೇ ಗೇರ್ ಇಳಿಸಿ ಎಂಜಿನ್ ಜೋರಾಗಿ ಓಡಿಸ್ತಾ ಇರಬೇಕು, ಇಲ್ಲಾಂದ್ರೆ ಅರ್ಧ ತಿರುವಿನಲ್ಲೇ ಉಸಿರು ಕಟ್ಟುತ್ತೆ.

ಹ್ಯಾಂಡ್ಲಿಂಗಿನಲ್ಲಿ ನನ್ನ ಮತ ಪದ್ಮಿನಿಗೇ. ವೀಲ್‌ಬೇಸ್ (ಮುಂದಿನ, ಹಿಂದಿನ ಚಕ್ರಗಳ ನಡುವಿನ ಅಂತರ) 2340 ಮಿಮೀ, ಅಂಬಾಸಿಡರ್‌ದು 2464. ಮುಂದೆ ಕಾಯಿಲ್ ಸ್ಪ್ರಿಂಗ್, ಹಗುರ ಮೂತಿ, ಆ 14 ಹೇರ್‌ಪಿನ್‌ಗಳಲ್ಲಿ ಸಲೀಸಾಗಿ ಹೊರಳುತ್ತೆ. ಅಂಬಾಸಿಡರ್‌ಗೆ ರ‍್ಯಾಕ್ ಅಂಡ್ ಪಿನಿಯನ್ (ಹಲ್ಲಿನ ಪಟ್ಟಿ, ಹಲ್ಲುಚಕ್ರದ) ಸ್ಟೇರಿಂಗ್ ಇದ್ರೂ ನಿಧಾನಕ್ಕೆ ತಿರುಗಿಸುವಾಗ ಭಾರ. ಮುಂದೆ ಸ್ಪ್ರಿಂಗ್ ಬದಲು ಇರುವ, ತಿರುಚಿಕೊಳ್ಳುವ ಸರಳು, ಟಾರ್ಷನ್ ಬಾರ್, ಮೆತ್ತಗೆ, ಹಾಗಾಗಿ ಬಾಡಿ ಹೊರಗಡೆ ವಾಲುತ್ತೆ. ಗುಂಡಿ ರಸ್ತೆಯಲ್ಲಿ ಮಾತ್ರ ಆ ಮೆತ್ತನೆಯೇ ಹಿತ.

ಘಟ್ಟದಾರಿ:
ಹತ್ತೋದಕ್ಕಿಂತ ಇಳಿಯೋದು ಮುಖ್ಯ ಮಾರಾಯ್ರೆ. ಎರಡಕ್ಕೂ ನಾಲ್ಕೂ ಕಡೆ ಡ್ರಮ್ ಬ್ರೇಕು. ಇಳಿಜಾರಿನುದ್ದಕ್ಕೂ ಪೆಡಲ್ ಒತ್ತಿಕೊಂಡೇ ಇದ್ರೆ ಡ್ರಮ್ ಕಾದು ಹಿಡಿತ ತಪ್ಪುತ್ತೆ. ಎರಡನೇ ಗೇರ್ ಹಾಕಿ, ಬ್ರೇಕ್ ಒತ್ತಿ ಒತ್ತಿ ಬಿಡಿ. ನ್ಯೂಟ್ರಲ್ ಮಾಡಲೇಬೇಡಿ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿಕೊಳ್ಳುತ್ತೆ, ಬಿಸಿಯಾದಾಗ ಆ ನೀರು ಆವಿಯಾಗಿ ಪೆಡಲ್ ಕೆಳಗಿಳಿಯುತ್ತೆ. ನಮ್ಮ ಮಳೆಗೆ ವರ್ಷಕ್ಕೊಮ್ಮೆ ಬದಲಿಸಿ. ಬ್ರೇಕ್ ಶೂ (ಡ್ರಮ್ಮಿಗೆ ಒಳಗಿನಿಂದ ಒತ್ತುವ ಪಟ್ಟಿ) ಹೊಂದಿಸುವಾಗ ಚಕ್ರ ಎತ್ತಿ, ಶೂ ಉಜ್ಜುವ ತನಕ ಬಿಗಿ ಮಾಡಿ, ಸಲೀಸಾಗಿ ತಿರುಗುವಷ್ಟು ಮಾತ್ರ ಸಡಿಲಿಸಿ. ಎಡ ಬಲ ಹೊಂದದಿದ್ರೆ ಗಾಡಿ ಒಂದು ಕಡೆ ಎಳೆಯುತ್ತೆ.

ತುಂಗಾತೀರ:
ತಗೊಳ್ಳೋ ಮೊದಲು ಏನು ನೋಡ್ಲಿ?

ಸ್ಪ್ಯಾನರ್17:
ತುಕ್ಕು. ಎರಡಕ್ಕೂ ಪ್ರತ್ಯೇಕ ಚಾಸಿ (ಕೆಳಗಿನ ಉಕ್ಕಿನ ಚೌಕಟ್ಟು) ಇಲ್ಲ, ಬಾಡಿಯೇ ಭಾರ ಹೊರೋದು. ಮ್ಯಾಟ್ ಎತ್ತಿ, ಬಾಗಿಲ ಕೆಳಗಿನ ಪಟ್ಟಿ, ಹಿಂದಿನ ಲೀಫ್ ಸ್ಪ್ರಿಂಗ್ ಕೂರುವ ಜಾಗ, ಎಲ್ಲಾ ಕಡೆ ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ. ಠಣ್ ಅಂದ್ರೆ ತಗಡು ಗಟ್ಟಿ. ಮೊದ್ದು ಸದ್ದು ಬಂದ್ರೆ ಒಳಗೆ ಪುಟ್ಟಿ ಮೆತ್ತಿದ್ದಾರೆ ಅಂತಲೇ ತಿಳ್ಕೊಳ್ಳಿ. ಪದ್ಮಿನಿಯ ಕಿಂಗ್‌ಪಿನ್ (ಮುಂದಿನ ಚಕ್ರ ಎಡಬಲ ಹೊರಳುವ ಗೂಟ) ಸವೆದಿದೆಯೋ ನೋಡೋಕೆ ಮುಂದಿನ ಚಕ್ರ ಎತ್ತಿ, ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಅಂಬಾಸಿಡರ್‌ನಲ್ಲಿ ಸ್ಟೇರಿಂಗ್ ರ‍್ಯಾಕಿನ ರಬ್ಬರ್ ಬೂಟ್ ಹರಿದಿದ್ರೆ ಕೆಸರು ಒಳಗೆ ಹೋಗಿ ಹಲ್ಲು ತಿಂದಿರುತ್ತೆ.

ಯಾವುದೇ ತಗೊಂಡ್ರೂ ಪೆಟ್ರೋಲ್ ಪೈಪು, ಪಂಪಿನ ಡಯಾಫ್ರಮ್ (ಒಳಗಿನ ರಬ್ಬರ್ ಪರದೆ) ಎರಡನ್ನೂ ಎಥನಾಲ್ ತಡೆಯುವಂಥದ್ದಕ್ಕೆ ಬದಲಿಸಿ. ಎಥನಾಲ್ ಬೆರೆಸಿದ ಈಗಿನ ಪೆಟ್ರೋಲಿಗೆ ಹಳೇ ರಬ್ಬರ್ ಮೆತ್ತಗಾಗಿ ಸೋರುತ್ತೆ, ಅದೂ ಕಾದ ಎಂಜಿನ್ ಪಕ್ಕದಲ್ಲೇ.