ಮಗ ಸೇನೆಗೆ ಹೋಗುತ್ತಾನಂತೆ, ಫುಲ್‌ಟೈಮಾ ರಿಸರ್ವಾ?

ಸಕಲೇಶಪುರದ ಅಮ್ಮ, ಟೆಕ್ಸಾಸ್:
ನಮಸ್ಕಾರ. ಮಗ ಇಲ್ಲೇ ಹುಟ್ಟಿದವನು, ಹೈಸ್ಕೂಲ್ ಮುಗಿಸುತ್ತಿದ್ದಾನೆ. ಅಮೆರಿಕದ ಆರ್ಮಿ ಸೇರುತ್ತೇನೆ ಅಂತ ಹಟ ಹಿಡಿದಿದ್ದಾನೆ. ರಿಕ್ರೂಟರ್ ಕೊಟ್ಟ ಫೋಲ್ಡರ್ ಊಟದ ಟೇಬಲ್ ಮೇಲೇ ಇದೆ, ನಮ್ಮ ಯಜಮಾನರು ಅದರ ಮೇಲೆ ಪೇಪರ್ ಹರಡಿ ಊಟ ಮಾಡುತ್ತಾರೆ. ಪೂರ್ತಿ ಸೇರುವುದು ಒಳ್ಳೆಯದಾ, ರಿಸರ್ವ್ ಸೇರಿ ಜೊತೆಗೆ ಓದುವುದಾ? ಊರಲ್ಲಿ ಅತ್ತೆಗೆ ಇನ್ನೂ ಹೇಳಿಲ್ಲ.

ಬೇಲೂರಿನವ:
ನನ್ನ ತಮ್ಮ ರಿಸರ್ವ್‌ನಲ್ಲಿದ್ದಾನೆ ಅಕ್ಕ. ಬೇಸಿಕ್ ಟ್ರೈನಿಂಗ್ ಇಬ್ಬರಿಗೂ ಒಂದೇ. ಆಮೇಲೆ ರಿಸರ್ವ್‌ನವರಿಗೆ ತಿಂಗಳಿಗೊಂದು ವೀಕೆಂಡ್, ವರ್ಷಕ್ಕೆ ಎರಡು ವಾರ. ಆದರೆ ಕರೆ ಬಂದರೆ ಸೆಮಿಸ್ಟರ್ ಅರ್ಧಕ್ಕೆ ಬಿಟ್ಟು ಹೊರಡಬೇಕು. ಕೆಲಸದಲ್ಲಿದ್ದರೆ 1994ರ ಕಾನೂನು ಇದೆ, ವಾಪಸ್ ಬಂದಮೇಲೆ ಕಂಪನಿ ಕೆಲಸ ಕೊಡಬೇಕು. ಫುಲ್‌ಟೈಮ್ ಆದರೆ ಸಂಬಳ, ಆಸ್ಪತ್ರೆ ಖರ್ಚು ಎಲ್ಲ ಅವರದೇ. 36 ತಿಂಗಳು ಮುಗಿಸಿದರೆ, ಸೈನಿಕರ ಓದಿಗೆ ನೆರವು ಕೊಡುವ ಜಿಐ ಬಿಲ್‌ನಲ್ಲಿ ಸರ್ಕಾರಿ ಯೂನಿವರ್ಸಿಟಿ ಫೀಸು ಪೂರ್ತಿ ಸಿಗುತ್ತದೆ. ರಿಸರ್ವ್‌ನಲ್ಲಿ ಆ ದುಡ್ಡು ತುಂಬಾ ಕಡಿಮೆ. ಬೋನಸ್ಸೋ, ಟ್ರೇಡೋ (ಸೇನೆಯಲ್ಲಿ ಸಿಗುವ ಕೆಲಸ), ಕರಾರಿನಲ್ಲಿ ಬರೆಯದ ಮಾತು ನಂಬಬೇಡಿ.

ಅರಕಲಗೂಡು ಅಣ್ಣ:
ಯಾವ ಫುಲ್‌ಟೈಮು, ಯಾವ ರಿಸರ್ವು? ಸುಮ್ನೆ ಕಾಲೇಜಿಗೆ ಸೇರಿಸಿ. ಇನ್ನೊಬ್ಬರ ದೇಶಕ್ಕೆ ನಮ್ಮ ಹುಡುಗ ಯಾಕೆ ಪ್ರಾಣ ಕೊಡಬೇಕು? ಹತ್ತು ಸಲ ಹೇಳಿದ್ದೇನೆ, ಮಕ್ಕಳನ್ನು ಪ್ರತಿ ಬೇಸಿಗೆಗೆ ಊರಿಗೆ ಕಳಿಸಿ ಅಂತ.

ಮೂಡಿಗೆರೆ ಹುಡುಗಿ:
ಅವನಿಗೆ ಇದೇ ಅವನ ದೇಶ ಅಲ್ವಾ ಅಣ್ಣ? ಪಕ್ಕದ ಕೊಡಗಿನ ಕಾರ್ಯಪ್ಪ, ತಿಮ್ಮಯ್ಯ ಅಂದರೆ ಎದೆಯುಬ್ಬಿಸುತ್ತೀರಿ. ನಮ್ಮನೆ ಹುಡುಗ ಅಂದ ತಕ್ಷಣ ಡಾಕ್ಟರ್ ಆಗಬೇಕು.

ಅರಕಲಗೂಡು ಅಣ್ಣ:
ಅವರು ಸೇರಿದ್ದು ನಮ್ಮ ಸೈನ್ಯ.

ಮೂಡಿಗೆರೆ ಹುಡುಗಿ:
ಕಾರ್ಯಪ್ಪನವರು ಅಧಿಕಾರಿಯಾದದ್ದು 1919ರಲ್ಲಿ. ಆಗ ಅದು ಯಾರ ಸೈನ್ಯ?

ಹಾಸನದ ಹಿರಿಯರು:
ಜಗಳ ಬೇಡಿ. ನಾನೂ ಮಗ ಹೇಳಿದ್ದು ಕೇಳದೆ ಇಂಜಿನಿಯರಿಂಗ್ ಮಾಡಿಸಿದೆ. ಒಳ್ಳೆ ಸಂಬಳ, ದೊಡ್ಡ ಮನೆ. ನನ್ನ ಫೋನ್ ಮಾತ್ರ ಎತ್ತುವುದಿಲ್ಲ. ಅವನ ಫೀಸಿಗೇ ಅಂತ ಮಾರಿದ ಕಾಫಿ ತೋಟದಲ್ಲಿ ಈಗ ಹೋಮ್‌ಸ್ಟೇ ಇದೆಯಂತೆ.

ಚಿಕ್ಕಮಗಳೂರು, ನ್ಯೂಜೆರ್ಸಿ:
ಮೇಡಂ, ಒಂದು ಮುಖ್ಯ ವಿಷಯ ಯಾರೂ ಹೇಳಲಿಲ್ಲ. ವಿದೇಶಿ ಸೇನೆಯಲ್ಲಿ ಇರುವವರಿಗೂ ನಿವೃತ್ತರಿಗೂ ಭಾರತ ಒಸಿಐ, ಅಂದರೆ ಭಾರತ ಮೂಲದವರು ವೀಸಾ ಇಲ್ಲದೆ ಬಂದುಹೋಗುವ ಕಾರ್ಡ್, ಕೊಡುವುದಿಲ್ಲ. ಸಹಿ ಹಾಕುವ ಮೊದಲು ಕಾನ್ಸುಲೇಟ್‌ಗೆ ಬರೆದು ಕೇಳಿ. ಅಜ್ಜಿಯನ್ನು ನೋಡಲು ಬರುವಾಗೆಲ್ಲ ವೀಸಾ ಅಂತ ಅಲೆಯುವ ಹಾಗಾಗಬಾರದು.

ಸಕಲೇಶಪುರದ ಅಮ್ಮ:
ಅಯ್ಯೋ, ಇದು ಗೊತ್ತೇ ಇರಲಿಲ್ಲ. ಫೋಲ್ಡರ್‌ನಲ್ಲಿ ಒಟ್ಟು 8 ವರ್ಷ ಅಂತ ಇದೆ. ರಿಸರ್ವ್ ಆದರೂ 8 ವರ್ಷ ಪ್ರತಿ ತಿಂಗಳು ಹೋಗಬೇಕಾ?

ಬೇಲೂರಿನವ:
ಇಲ್ಲ ಅಕ್ಕ. ಸಾಮಾನ್ಯವಾಗಿ 6 ವರ್ಷ ಡ್ರಿಲ್, ಉಳಿದ 2 ವರ್ಷ ಹೆಸರು ಪಟ್ಟಿಯಲ್ಲಿರುತ್ತದೆ ಅಷ್ಟೇ. ಆಗಲೂ ತುರ್ತಾದರೆ ಕರೆಯಬಹುದು. ಪೂರ್ತಿ ಸೇರಿದವರಿಗೂ ಅದೇ 8.

ಅರಕಲಗೂಡು ಅಣ್ಣ:
ಮೇಡಂ, ನಿಮ್ಮ ಯಜಮಾನರ ನಂಬರ್ ಕಳಿಸಿ. ನಾನೇ ಮಾತಾಡುತ್ತೇನೆ.